ಹಳೆ ಕಾಮಿಕ್ಸ್ ಹರಾಜು: ಮಲೆನಾಡಿನಲ್ಲಿ ಕೂತು ಬಿಡ್ ಹಾಕುವವರಿಗೆ ಯಾವ ಪದ್ಧತಿ ಒಗ್ಗುತ್ತದೆ?

2018ರ ಆಗಸ್ಟ್ 14ಕ್ಕೆ ಆನ್‌ಲೈನ್ ಮಾರಾಟ ತಾಣ ಇಬೇ ಇಂಡಿಯಾ ಬಾಗಿಲು ಹಾಕಿತು. ಅಲ್ಲಿಯವರೆಗೆ ಇಂದ್ರಜಾಲ ಕಾಮಿಕ್ಸ್, ಅಮರ ಚಿತ್ರಕಥೆ, ಹಳೆ ಚಂದಮಾಮ ಹುಡುಕುವವರಿಗೆ ಆನ್‌ಲೈನ್ ಹರಾಜು ಅಂದರೆ ಹೆಚ್ಚುಕಡಿಮೆ ಒಂದೇ ಬಗೆಯದು. ಕೆಲವು ದಿನ ನಡೆಯುತ್ತದೆ, ಹೇಳಿದ ಸೆಕೆಂಡಿಗೆ ಮುಗಿಯುತ್ತದೆ, ಹೆಚ್ಚು ಹಾಕಿದವರಿಗೆ ಪುಸ್ತಕ. ಅದಾದ ಮೇಲೆ ಆ ಜನವೆಲ್ಲ ಫೇಸ್‌ಬುಕ್ ಗುಂಪು, ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ ಲೈವ್ ಎಂದು ಚದುರಿದರು. ಒಂದೊಂದು ಕಡೆ ಒಂದೊಂದು ನಿಯಮ. ಹೊರದೇಶದ ಹರಾಜು ಮನೆಗಳೂ ತಮ್ಮ ಪದ್ಧತಿ ತಿದ್ದುತ್ತಲೇ ಬಂದಿವೆ.

ಸಂಗ್ರಹಕಾರರ ಗೊಣಗಾಟಕ್ಕೇನೂ ಕೊರತೆಯಿಲ್ಲ, ಆದರೆ ಎಲ್ಲರೂ ಒಂದೇ ಕಾರಣಕ್ಕೆ ಗೊಣಗುವುದಿಲ್ಲ. ಕೊನೇ ಸೆಕೆಂಡಿನಲ್ಲಿ ಬಂದು ಎತ್ತಿಕೊಂಡು ಹೋಗುತ್ತಿದ್ದವರಿಗೆ ಸಮಯ ವಿಸ್ತರಣೆ, ಅಂದರೆ ಕೊನೆಯಲ್ಲಿ ಬಿಡ್ ಬಿದ್ದರೆ ಹರಾಜು ಮುಂದಕ್ಕೆ ಹೋಗುವುದು, ಇಷ್ಟವಿಲ್ಲ. ಹಾಗೆ ಕಳೆದುಕೊಂಡವರಿಗೆ ಅದೇ ಇಷ್ಟ. ಲೈವ್ ಬಂದದ್ದು ಹೊಸಬರಿಗೆ ಖುಷಿ, ಹಳಬರಿಗೆ ಗದ್ದಲ. ಹೊಸನಗರದಾಚೆ ಮಳೆಗಾಲದಲ್ಲಿ ಒಂದು ಕಡ್ಡಿ ಸಿಗ್ನಲ್ ಹಿಡಿದು ಕೂತವರ ಲೆಕ್ಕವೇ ಬೇರೆ. ಅವರು ಮೊದಲು ಕೇಳಬೇಕಾದದ್ದು ಇಷ್ಟೆ: ಕರೆಂಟು, ನೆಟ್ಟು ಎರಡೂ ಹೋದರೂ ನನ್ನ ಬಿಡ್ ನಿಲ್ಲುತ್ತದೆಯೇ? ಈ ಬರಹದಲ್ಲಿ ಪದ್ಧತಿಗಳನ್ನು ತೂಗಿರುವುದು ಮುಖ್ಯವಾಗಿ ಆ ತಕ್ಕಡಿಯಲ್ಲೇ.

ಮಿತಿ ಬರೆದಿಟ್ಟು ಮಲಗುವ ಪದ್ಧತಿ

ಇಬೇಯ ಅಂತರರಾಷ್ಟ್ರೀಯ ತಾಣದಲ್ಲಿ ಈಗಲೂ ಇರುವುದು ಇದೇ. ನಿಮ್ಮ ಗರಿಷ್ಠ ಮೊತ್ತವನ್ನು ಒಮ್ಮೆ ಹಾಕಿಡುತ್ತೀರಿ. ಯಂತ್ರ ನಿಮ್ಮ ಪರವಾಗಿ ಬೇಕಾದಷ್ಟು ಮಾತ್ರ ಏರಿಸುತ್ತದೆ. ನಿಮ್ಮ ಮಿತಿ 90 ಡಾಲರ್, ಎದುರಿನವರದು 61 ಇದ್ದರೆ ಪುಸ್ತಕ 62ಕ್ಕೆ ನಿಮ್ಮದು, 90ಕ್ಕಲ್ಲ. 25ರಿಂದ 99.99 ಡಾಲರ್‌ವರೆಗೆ ಏರಿಕೆಯ ಹಂತ 1 ಡಾಲರ್. 100 ದಾಟಿದ ಮೇಲೆ 2.50, 250 ದಾಟಿದರೆ 5. ಇಬ್ಬರ ಮಿತಿಯೂ ಸರಿಸಮ ಬಿದ್ದರೆ ಮೊದಲು ಹಾಕಿದವರಿಗೆ ಸಿಗುತ್ತದೆ. 100 ಎಂದು ದುಂಡಗೆ ಬರೆಯುವವರೇ ಹೆಚ್ಚು, ಹಾಗಾಗಿ 103.17ರಂತೆ ಒಡೆದು ಬರೆಯುವುದು ಒಳ್ಳೆಯದು.

ಇದರ ಮೇಲಿರುವ ಹಳೆಯ ದೂರು ಕೊನೆಗಳಿಗೆಯ ಹೊಡೆತದ್ದು. ಏಳು ದಿನ ಸುಮ್ಮನಿದ್ದವರು ಕೊನೆಯ ಐದು ಸೆಕೆಂಡಿನಲ್ಲಿ ಬಿಡ್ ಹಾಕಿ ಗೆಲ್ಲುತ್ತಾರೆ. ಇದು ಫಲಿಸುವುದು ಎದುರಿನವರು ತಮ್ಮ ನಿಜವಾದ ಮಿತಿಯನ್ನು ಹಾಕಿರದೆ, 'ಯಾರಾದರೂ ಮೇಲೆ ಹೋದರೆ ನೋಡೋಣ' ಎಂದು ಕಡಿಮೆ ಹಾಕಿಟ್ಟಾಗ ಮಾತ್ರ. ಅವರಿಗೆ ಮರುಯೋಚನೆಗೆ ಸಮಯ ಸಿಗುವುದಿಲ್ಲ, ಅಷ್ಟೇ. ನಿಜವಾದ ಮಿತಿ ಹಾಕಿದವರಿಗೆ ಕೊನೆ ಸೆಕೆಂಡಿನವರಿಂದ ಹೆದರಿಕೆಯಿಲ್ಲ. ಸೋತರೆ ಆ ಬೆಲೆಗೆ ಬೇಡವೆಂದು ಮೊದಲೇ ತೀರ್ಮಾನಿಸಿದ್ದ ಪುಸ್ತಕವೇ ಕೈತಪ್ಪಿರುತ್ತದೆ.

ಬಹಳ ಬೇಗ ಹಾಕಿದರೂ ತೊಂದರೆ ಇದೆ. ಮೊದಲ ದಿನವೇ ದೊಡ್ಡ ಮಿತಿ ಹಾಕಿದರೆ ಚೂರುಚೂರೇ ಏರಿಸಿ ನಿಮ್ಮ ಮಿತಿ ಎಲ್ಲಿದೆ ಎಂದು ತಡಕುವವರಿಗೆ ವಾರವಿಡೀ ಸಿಗುತ್ತದೆ. ಮಧ್ಯದ ದಾರಿ ಎಂದರೆ ಹರಾಜು ಮುಗಿಯುವ ಹಿಂದಿನ ರಾತ್ರಿ, ಕರೆಂಟು ನೆಟ್ಟು ಎರಡೂ ಇರುವಾಗ ಹಾಕಿಬಿಡುವುದು. ಅಮೆರಿಕದ ಮಾರಾಟಗಾರರು ಭಾನುವಾರ ಸಂಜೆಗೆ ಮುಗಿಸುವುದು ರೂಢಿ. ಪಶ್ಚಿಮ ಕರಾವಳಿಯ ಭಾನುವಾರ ಸಂಜೆ 6 ಗಂಟೆ ನಮಗೆ ಸೋಮವಾರ ಬೆಳಗ್ಗೆ 6:30. ನವೆಂಬರ್ ಮೊದಲ ಭಾನುವಾರ ಅವರ ಗಡಿಯಾರ ಹಿಂದಕ್ಕೆ ಹೋದ ಮೇಲೆ 7:30, ಮಾರ್ಚ್ ಎರಡನೇ ಭಾನುವಾರದಿಂದ ಮತ್ತೆ 6:30. ಈ ಒಂದು ಗಂಟೆಯ ವ್ಯತ್ಯಾಸ ಮರೆತು ಪುಸ್ತಕ ಕಳೆದುಕೊಳ್ಳುವವರು ಪ್ರತಿ ವರ್ಷವೂ ಇರುತ್ತಾರೆ.

ನಿಮ್ಮ ಪರವಾಗಿ ಕೊನೆ ಸೆಕೆಂಡಿನಲ್ಲಿ ಬಿಡ್ ಹಾಕಿಕೊಡುವ ಹೊರಗಿನ ಸೇವೆಗಳಿವೆ. ಕೆಲವಕ್ಕೆ ನಿಮ್ಮ ಖಾತೆಯ ಪಾಸ್‌ವರ್ಡನ್ನೇ ಕೊಡಬೇಕಾಗುತ್ತದೆ. ಬೇಡ.

ತಪ್ಪಿ ಒಂದು ಸೊನ್ನೆ ಹೆಚ್ಚು ಒತ್ತಿದರೆ ಬಿಡ್ ಹಿಂತೆಗೆಯಲು ದಾರಿಯಿದೆ, ಆದರೆ ಕಿರಿದು. ಹರಾಜು ಮುಗಿಯಲು 12 ಗಂಟೆಗಿಂತ ಹೆಚ್ಚು ಬಾಕಿಯಿದ್ದರೆ ಹಿಂತೆಗೆಯಬಹುದು, ಆಗ ಆ ಪುಸ್ತಕದ ಮೇಲಿನ ನಿಮ್ಮ ಎಲ್ಲ ಬಿಡ್‌ಗಳೂ ಹೋಗುತ್ತವೆ. 12 ಗಂಟೆಯೊಳಗಾದರೆ ಕೊನೆಯದಾಗಿ ಹಾಕಿದ್ದನ್ನು ಮಾತ್ರ, ಅದೂ ಹಾಕಿದ ಒಂದು ಗಂಟೆಯೊಳಗೆ. 'ಮನಸ್ಸು ಬದಲಾಯಿತು' ಎಂಬುದು ಕಾರಣವಾಗುವುದಿಲ್ಲ.

ಬಿಡ್ ಹಾಕಿದವರ ಹೆಸರು ಮರೆಮಾಡಿದ ಬದಲಾವಣೆ ಇನ್ನೊಂದು ತಂಟೆ. ಈಗ ಕಾಣುವುದು ಎರಡು ಅಕ್ಷರ, ನಡುವೆ ನಕ್ಷತ್ರ. ಸೋತವರಿಗೆ 'ಗೆದ್ದವರು ಕೊಳ್ಳಲಿಲ್ಲ, ನಿಮಗೇ ಕೊಡುತ್ತೇವೆ' ಎಂಬ ನಕಲಿ 'ಎರಡನೇ ಅವಕಾಶ'ದ ಪತ್ರ ಕಳಿಸಿ ದುಡ್ಡು ಹೊಡೆಯುವವರನ್ನು ತಡೆಯಲು ಇದು ಬೇಕಿತ್ತು. ಆದರೆ ಮಾರುವವರೇ ಬೆಲೆ ಏರಿಸಲು ಡಮ್ಮಿ ಬಿಡ್ ಹಾಕಿಸುತ್ತಿದ್ದಾರೆಯೇ ಎಂದು ಪತ್ತೆಹಚ್ಚುವುದು ಅಷ್ಟೇ ಕಷ್ಟವಾಯಿತು. ಉಳಿದಿರುವ ಸುಳಿವು ಬಿಡ್ ಇತಿಹಾಸದಲ್ಲಿದೆ. ಒಬ್ಬರೇ ಬಿಡ್‌ದಾರರು ಒಬ್ಬರೇ ಮಾರಾಟಗಾರರ ಪುಸ್ತಕಗಳಿಗೆ ಮಾತ್ರ ಹಾಕುತ್ತಿದ್ದು, ಗೆಲ್ಲುವುದು ಕಡಿಮೆ ಎಂದು ಕಂಡರೆ ಅಲ್ಲಿಂದ ಎದ್ದು ಬನ್ನಿ.

ಮುಗಿಯದ ಗಡಿಯಾರ

ಕೊನೆಯ ಕೆಲವು ನಿಮಿಷದಲ್ಲಿ ಬಿಡ್ ಬಿದ್ದರೆ ಅಷ್ಟೇ ನಿಮಿಷ ಮುಂದಕ್ಕೆ ಹೋಗುವ ಪದ್ಧತಿ ಇದು. ಕನ್ನಡದ ಗುಂಪುಗಳಲ್ಲಿ ಸಾಮಾನ್ಯವಾಗಿ 'ರಾತ್ರಿ 9ಕ್ಕೆ ಮುಕ್ತಾಯ, ಕೊನೆ 5 ನಿಮಿಷದಲ್ಲಿ ಬಿಡ್ ಬಂದರೆ ಇನ್ನೂ 5 ನಿಮಿಷ' ಎಂದು ಬರೆದಿರುತ್ತಾರೆ. ಸವಾಲು ಕೂಗುವಾಗ ಮೂರು ಬಾರಿ ಕೇಳುವ ಕ್ರಮಕ್ಕೆ ಇದು ಹತ್ತಿರ, ಹಾಗಾಗಿ ನ್ಯಾಯವೆನ್ನಿಸುತ್ತದೆ. ಮಾರುವವರಿಗೆ ಲಾಭ, ನಿಜವಾಗಿ ಬೇಕಾದವರಿಗೂ ಲಾಭ. ನಷ್ಟ ಯಾರಿಗೆಂದರೆ ತಾಳ್ಮೆ ಕಡಿಮೆ ಇದ್ದು ಹಟ ಜಾಸ್ತಿ ಇರುವವರಿಗೆ. 800ಕ್ಕೆ ನಿಲ್ಲಿಸುತ್ತೇನೆಂದು ಕೂತವರು ಐವತ್ತೈವತ್ತು ರೂಪಾಯಿ ಏರಿಸುತ್ತ 1,400ಕ್ಕೆ ಹೋಗಿ ನಿಲ್ಲುವುದು ಇಲ್ಲೇ.

ವಿಸ್ತರಣೆಯ ಜೊತೆಗೆ ಮಿತಿ ಬರೆದಿಡುವ ಸೌಲಭ್ಯವೂ ಇದ್ದರೆ ಮಲೆನಾಡಿನವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಮಿತಿ ಇಡುವ ಸೌಲಭ್ಯವಿಲ್ಲದೆ ವಿಸ್ತರಣೆ ಮಾತ್ರ ಇದ್ದರೆ ಇದಕ್ಕಿಂತ ಕೆಟ್ಟದ್ದಿಲ್ಲ. ರಾತ್ರಿ 9ಕ್ಕೆ ಮುಗಿಯಬೇಕಾದದ್ದು 10:40ರವರೆಗೆ ಎಳೆಯುತ್ತದೆ, ಅಷ್ಟರಲ್ಲಿ ಒಂದು ಗುಡುಗು ಸಾಕು.

ಕಮೆಂಟ್ ಮತ್ತು ವಾಟ್ಸ್‌ಆ್ಯಪ್ ಹರಾಜು

ಕನ್ನಡ ಇಂದ್ರಜಾಲ ಬೇಕಿದ್ದರೆ ಕೊನೆಗೆ ಬರಬೇಕಾದದ್ದು ಇಲ್ಲಿಗೇ. ಬೇರೆಲ್ಲೂ ಅಷ್ಟು ಕನ್ನಡ ಸಂಚಿಕೆಗಳು ಹೊರಬರುವುದಿಲ್ಲ. ಕಮಿಷನ್ ಇಲ್ಲ, ಯುಪಿಐನಲ್ಲಿ ಹಣ, ಮಾತು ಕನ್ನಡದಲ್ಲೇ. ಆದರೆ ಜಗಳವೂ ಇಲ್ಲೇ ಹೆಚ್ಚು, ಏಕೆಂದರೆ ಹರಾಜು ನಡೆಸಲು ಮಾಡಿದ ಜಾಗವೇ ಅಲ್ಲ ಇದು.

ಫೇಸ್‌ಬುಕ್ ಕಮೆಂಟುಗಳನ್ನು ತನ್ನಿಷ್ಟದ ಕ್ರಮದಲ್ಲಿ ತೋರಿಸುತ್ತದೆ. ಮೇಲೆ ಕಾಣುವ 600ರ ಬಿಡ್ ಹಳೆಯದಿರಬಹುದು, ಕೆಳಗೆಲ್ಲೋ 750 ಇರುತ್ತದೆ. ಬಿಡ್ ಹಾಕುವ ಮೊದಲು 'ಎಲ್ಲ ಕಮೆಂಟು' ಆರಿಸಿ ಕೊನೆಯವರೆಗೆ ಇಳಿಯಿರಿ. ಕಮೆಂಟನ್ನು ಆಮೇಲೆ ತಿದ್ದಬಹುದು, ಅಳಿಸಬಹುದು. ಹಾಗಾಗಿ ತಿದ್ದಿದ ಬಿಡ್ ಅಸಿಂಧು ಎಂಬ ನಿಯಮವಿಲ್ಲದ ಹರಾಜಿಗೆ ಕೈ ಹಾಕದಿರುವುದು ಕ್ಷೇಮ. ಒಂದು ಕಮೆಂಟಿಗೆ ಉತ್ತರವಾಗಿ ಒಳಗೆ ಹಾಕಿದ ಬಿಡ್ ಬಹಳ ಸಲ ಯಾರ ಕಣ್ಣಿಗೂ ಬೀಳುವುದಿಲ್ಲ. ಯಾವಾಗಲೂ ಹೊಸ ಕಮೆಂಟಾಗಿಯೇ ಹಾಕಿ.

ವಾಟ್ಸ್‌ಆ್ಯಪ್‌ನಲ್ಲಿ ಇನ್ನೊಂದು ತರಹದ ತೊಡಕು. ಸಂದೇಶದ ಪಕ್ಕ ಪುಟ್ಟ ಗಡಿಯಾರದ ಗುರುತು ಇರುವಷ್ಟು ಹೊತ್ತು ಅದು ನಿಮ್ಮ ಫೋನಿನಲ್ಲೇ ಕೂತಿದೆ, ಗುಂಪಿಗೆ ಹೋಗಿಲ್ಲ. ಒಂದು ಟಿಕ್ ಬಿದ್ದ ಮೇಲೆಯೇ ಹೊರಟಂತೆ. ಆಗುಂಬೆಯ ಕಡೆ ಜುಲೈನಲ್ಲಿ ಕೂತು 8:59ಕ್ಕೆ ಒತ್ತಿದ ಬಿಡ್ 9:06ಕ್ಕೆ ತಲುಪಿದರೆ 'ನಾನು ಮೊದಲೇ ಹಾಕಿದ್ದೆ' ಎಂಬ ವಾದಕ್ಕೆ ಅಡ್ಮಿನ್ ಕಿವಿಗೊಡಬೇಕಾಗಿಲ್ಲ.

ಹರಾಜಿನ ಪೋಸ್ಟಿನಲ್ಲಿ ಇಷ್ಟು ಸ್ಪಷ್ಟವಾಗಿ ಇರಲೇಬೇಕು: ಆರಂಭದ ಬೆಲೆ, ಏರಿಕೆಯ ಹಂತ, ಮುಗಿಯುವ ದಿನ ಮತ್ತು ಸಮಯ, ವಿಸ್ತರಣೆ ಇದೆಯೋ ಇಲ್ಲವೋ, ಅಂಚೆ ವೆಚ್ಚ ಯಾರದು, ಗೆದ್ದ ಮೇಲೆ ಎಷ್ಟು ಗಂಟೆಯೊಳಗೆ ಹಣ. ಇವುಗಳಲ್ಲಿ ಒಂದು ಇಲ್ಲದಿದ್ದರೂ ಮೊದಲು ಕೇಳಿ. ಬಿಡ್ ಶುರುವಾದ ಮೇಲೆ ಕೇಳಿದರೆ ಉತ್ತರ ಮಾರುವವರಿಗೆ ಅನುಕೂಲವಾಗಿಯೇ ಬರುತ್ತದೆ.

ನೆಟ್ಟಿನ ಭರವಸೆಯಿಲ್ಲದವರು ಅಡ್ಮಿನ್ ಹತ್ತಿರ ಖಾಸಗಿಯಾಗಿ ಮಿತಿ ಹೇಳಿಡುವುದುಂಟು. ಅಡ್ಮಿನ್ ಆ ಪುಸ್ತಕದ ಮಾರಾಟಗಾರರೂ ಆಗಿದ್ದರೆ ಅದು ಜೇಬು ಬಿಚ್ಚಿ ತೋರಿಸಿದಂತೆ. ಬದಲಿಗೆ ಬೆಂಗಳೂರಿನಲ್ಲಿರುವ ತಮ್ಮನಿಗೋ ಭಾವನಿಗೋ ಹೇಳಿ, ಆದರೆ 'ನೋಡ್ಕೊಂಡು ಹಾಕು' ಎನ್ನದೆ ಒಂದೇ ಸಂಖ್ಯೆ ಕೊಡಿ.

ಲೈವ್

ವಿಡಿಯೊದಲ್ಲಿ ಪುಸ್ತಕ ಎತ್ತಿ ತೋರಿಸಿ ಅರ್ಧ ನಿಮಿಷ, ಒಂದು ನಿಮಿಷದಲ್ಲಿ ಮಾರುವ ಕ್ರಮ. ಅಮೆರಿಕದಲ್ಲಿ 2019ರಲ್ಲಿ ಶುರುವಾದ ವಾಟ್‌ನಾಟ್ ಇದನ್ನೇ ದಂಧೆಯಾಗಿ ಬೆಳೆಸಿತು. ಅಲ್ಲಿ ಕೊನೆಯಲ್ಲಿ ಬಿಡ್ ಬಂದರೆ ಸೆಕೆಂಡು ಸೇರುವ ಬಗೆಯೂ ಇದೆ, 'ಸಡನ್ ಡೆತ್' ಎಂದು ಒಂದೇ ಏಟಿಗೆ ಮುಗಿಯುವ ಬಗೆಯೂ ಇದೆ. ನಮ್ಮಲ್ಲಿ ಇನ್‌ಸ್ಟಾಗ್ರಾಂ ಲೈವ್‌ನಲ್ಲಿ ನಡೆಯುವುದು ಇದರದೇ ಕೈಕೆಲಸದ ರೂಪ.

ನೇರವಾಗಿ ಹೇಳುವುದಾದರೆ ಮಲೆನಾಡಿನಿಂದ ಲೈವ್‌ನಲ್ಲಿ ಅಪರೂಪದ ಪುಸ್ತಕ ಕೊಳ್ಳಲು ಹೋಗಬೇಡಿ. ನೀವು ನೋಡುತ್ತಿರುವ ಚಿತ್ರ ಕೆಲವು ಸೆಕೆಂಡಿನಿಂದ ಅರ್ಧ ನಿಮಿಷದಷ್ಟು ಹಳೆಯದು. ಸಿಗ್ನಲ್ ಸೊರಗಿದಷ್ಟೂ ಹಿಂದೆ ಬೀಳುತ್ತೀರಿ. ನಿಮ್ಮ ತೆರೆಯ ಮೇಲೆ ಇನ್ನೂ ಸವಾಲು ನಡೆಯುತ್ತಿರುವಾಗ ಅಲ್ಲಿ ಮುಂದಿನ ಪುಸ್ತಕ ಬಂದಿರುತ್ತದೆ. ಎರಡನೆಯದು, ಪರೀಕ್ಷೆಗೆ ಸಮಯವೇ ಇಲ್ಲ. ಮುಖಪುಟ ಹೊಳೆಯುತ್ತದೆ, ನಡುಪುಟ ಯಾರು ನೋಡಿದರು? ನೂರು ಇನ್ನೂರರ ಓದುವ ಪ್ರತಿಗಳಿಗೆ, ಕಂತೆಗಳಿಗೆ ಲೈವ್ ಪರವಾಗಿಲ್ಲ, ಅಗ್ಗಕ್ಕೂ ಸಿಗುತ್ತವೆ.

ಮುಚ್ಚಿದ ಟೆಂಡರ್

ಇತ್ತೀಚೆಗೆ ಕೆಲವರು ಬಹಿರಂಗ ಬಿಡ್ ಬಿಟ್ಟು, 'ನಿಮ್ಮ ಬೆಲೆ ಮೆಸೇಜಿನಲ್ಲಿ ಕಳಿಸಿ, ಭಾನುವಾರ ತೆರೆಯುತ್ತೇನೆ' ಎನ್ನುತ್ತಿದ್ದಾರೆ. ಬೇರೆ ಊರಿನ ಸಂಗ್ರಹಕಾರರು ಇದಕ್ಕೆ ಮುಖ ಸಿಂಡರಿಸುತ್ತಾರೆ. ಶಿವಮೊಗ್ಗದವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ: ಅಡಿಕೆ ಮಂಡಿಯ ಟೆಂಡರ್ ಇದೇ ತಾನೆ. ವ್ಯಾಪಾರಿ ರಾಶಿ ನೋಡುತ್ತಾನೆ, ದರ ಬರೆಯುತ್ತಾನೆ, ಪಕ್ಕದವನು ಎಷ್ಟು ಬರೆದ ಎಂದು ತಿಳಿಯದು, ಹೆಚ್ಚು ಬರೆದವನಿಗೆ ಮಾಲು.

ಲೆಕ್ಕಾಚಾರ ಮಾತ್ರ ಇಬೇಯದಕ್ಕೆ ಪೂರ್ತಿ ತಿರುಗುಮುರುಗು. ಇಬೇಯಲ್ಲಿ ನಿಜವಾದ ಮಿತಿ ಬರೆದರೂ ಎರಡನೆಯವರ ಬೆಲೆಗಿಂತ ಒಂದು ಹಂತ ಮೇಲೆ ಮಾತ್ರ ಕೊಡುತ್ತೀರಿ. ಇಲ್ಲಿ ಬರೆದಷ್ಟನ್ನೂ ಕೊಡಬೇಕು. ಆದ್ದರಿಂದ ಮಿತಿಗಿಂತ ಸ್ವಲ್ಪ ಕೆಳಗೆ ಬರೆಯುವುದೇ ಸರಿ. ಎಷ್ಟು ಕೆಳಗೆ ಎಂಬುದು ಪೈಪೋಟಿ ಎಷ್ಟಿದೆ ಎಂಬುದರ ಮೇಲೆ. ಮಿತಿ 1,000 ಇದ್ದು ಇಬ್ಬರು ಮೂವರಷ್ಟೇ ಕಣ್ಣಿಟ್ಟಿದ್ದಾರೆ ಎನ್ನಿಸಿದರೆ 700ರ ಆಸುಪಾಸು ಸಾಕಾದೀತು. ಹತ್ತು ಮಂದಿ ಕಾಯುತ್ತಿದ್ದರೆ 900 ದಾಟಲೇಬೇಕು. ಕರೆಂಟಿನ ಚಿಂತೆಯಿಲ್ಲ, ರಾತ್ರಿ ಕೂರುವ ಕೆಲಸವಿಲ್ಲ, ಹಟ ಹಿಡಿಯಲು ಎದುರಾಳಿ ಕಾಣುವುದೂ ಇಲ್ಲ. ಒಂದೇ ಷರತ್ತು: ತೆರೆದ ಮೇಲೆ ಎಲ್ಲ ಬೆಲೆಗಳನ್ನೂ ಗುಂಪಿನಲ್ಲಿ ಹಾಕುತ್ತೇವೆ ಎಂದು ಮಾರುವವರು ಮೊದಲೇ ಒಪ್ಪಬೇಕು. ಒಪ್ಪದಿದ್ದರೆ ಅದು ಟೆಂಡರ್ ಅಲ್ಲ, ಚೌಕಾಸಿ.

'ಮೊದಲು ಕೇಳಿದವರಿಗೆ' ಎಂಬ ನಿಗದಿ ಬೆಲೆಯ ಮಾರಾಟ ಹರಾಜೇ ಅಲ್ಲ. ನೆಟ್ ವೇಗ ಇದ್ದವರಿಗೆ ಸಿಗುತ್ತದೆ. ಮುಂದೆ ಹೋಗೋಣ.

ಹೊರದೇಶದ ಮನೆಗಳು, ಸುತ್ತಿಗೆಯ ಬೆಲೆ

ಡಲ್ಲಾಸ್‌ನ ಹೆರಿಟೇಜ್‌ನಂಥ ಹರಾಜು ಮನೆಗಳಲ್ಲಿ ವಾರದ ಸಣ್ಣ ಹರಾಜು ಬೇರೆ, ವರ್ಷಕ್ಕೆ ಕೆಲವೇ ಸಲ ಬರುವ ದೊಡ್ಡ ಹರಾಜು ಬೇರೆ. ಅಲ್ಲಿ 2024ರ ಏಪ್ರಿಲ್‌ನಲ್ಲಿ ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ 1938ರ ಆ್ಯಕ್ಷನ್ ಕಾಮಿಕ್ಸ್‌ನ ಮೊದಲ ಸಂಚಿಕೆ 60 ಲಕ್ಷ ಡಾಲರ್‌ಗೆ ಹೋಯಿತು. ನಮಗೆ ಸಂಬಂಧವಿರುವುದು ವಾರದ ಹರಾಜು. ಅಲ್ಲಿ ಸಂಗ್ರಹಕಾರರ ಮುಖ್ಯ ಸಿಟ್ಟು ಕೊಳ್ಳುವವರ ಮೇಲಿನ ಕಮಿಷನ್ ಕುರಿತದ್ದು. ಸುತ್ತಿಗೆ ಬಿದ್ದ ಬೆಲೆಯ, ಅಂದರೆ ಗೆದ್ದ ಬಿಡ್‌ನ ಮೇಲೆ ಶೇಕಡಾ 20ರ ಆಸುಪಾಸು ಸೇರುತ್ತದೆ, ಸಣ್ಣ ವಸ್ತುವಿಗೆ ಕನಿಷ್ಠ ಮೊತ್ತವೂ ಇರಬಹುದು.

ಲೆಕ್ಕವನ್ನು ಹಿಂದಿನಿಂದ ಹಾಕಿ. ಒಟ್ಟು 200 ಡಾಲರ್ ಮೀರಬಾರದು ಎಂದಿಟ್ಟುಕೊಳ್ಳಿ. ಕಾರ್ಡಿನವರು ವಿದೇಶಿ ಹಣಕ್ಕೆ ಶೇ 3.5, ಅದರ ಮೇಲೆ ಶೇ 18 ಜಿಎಸ್‌ಟಿ ಹಾಕಿದರೆ ಸುಮಾರು ಶೇ 4.13 ಆಯಿತು. 200ನ್ನು 1.0413ರಿಂದ ಭಾಗಿಸಿದರೆ 192. ಅಂಚೆಗೆ 30 ಕಳೆದರೆ 162. ಕಮಿಷನ್ ಶೇ 20 ಎಂದು 1.20ರಿಂದ ಭಾಗಿಸಿದರೆ 135. ನೀವು ಬರೆಯಬೇಕಾದ ಮಿತಿ 135, 200 ಅಲ್ಲ. ಕಸ್ಟಮ್ಸ್ ಸುಂಕಕ್ಕೆ ಇದರ ಹೊರಗೆ ದುಡ್ಡು ಕೈಯಲ್ಲಿರಲಿ. ಭಾರತಕ್ಕೆ ಕಳಿಸುತ್ತಾರೆಯೇ ಎಂಬುದನ್ನು ಬಿಡ್‌ಗೆ ಮುಂಚೆ ಕೇಳಿ, ಗೆದ್ದ ಮೇಲೆ ಅಲ್ಲ.

ಸಿಜಿಸಿ ಡಬ್ಬಿಯ ಪುಸ್ತಕಗಳ ಬಗ್ಗೆ ಒಂದು ಮಾತು. ಫ್ಲಾರಿಡಾದ ಈ ಸಂಸ್ಥೆ 2000ದಿಂದ 0.5ರಿಂದ 10.0ರವರೆಗೆ ಅಂಕ ಕೊಟ್ಟು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಕೊಡುತ್ತಿದೆ. ದೂರದಿಂದ ಕೊಳ್ಳುವವರಿಗೆ ಅದು ಧೈರ್ಯ. ಆದರೆ ಡಬ್ಬಿ ಒಡೆದು ಓದಿದರೆ ಅಂಕ ಹೋಯಿತು, ತೂಕ ಜಾಸ್ತಿಯಾದ್ದರಿಂದ ಅಂಚೆಯೂ ದುಬಾರಿ.

ಪೋಟೊದಲ್ಲಿ ಏನು ಕೇಳಬೇಕು

ಯಾವ ಪದ್ಧತಿಯಾದರೂ ಸರಿ, ಬಿಡ್‌ಗೆ ಮುಂಚೆ ಈ ಆರು ಪೋಟೊ ಬೇಕು: ಮುಖಪುಟ, ಹಿಂಪುಟ, ಎರಡೂ ರಕ್ಷಾಪುಟಗಳ ಒಳಬದಿ, ಪಿನ್ನು ಕಾಣುವಂತೆ ನಡುಪುಟ, ಬೆನ್ನು. ಪಿನ್ನಿನ ಸುತ್ತ ಕಂದು ಕಲೆ ಇದ್ದರೆ ತುಕ್ಕು ಕಾಗದವನ್ನು ತಿನ್ನುತ್ತಿದೆ, ನಡುಹಾಳೆ ಕೈಗೆ ಬರುವ ದಿನ ದೂರವಿಲ್ಲ. ಘಟ್ಟದ ಮನೆಗಳಿಂದ ಬಂದ ಪ್ರತಿಗಳಲ್ಲಿ ಇದು ಹೆಚ್ಚು. ಅಟ್ಟದಿಂದ ಇಳಿದವಕ್ಕೆ ಹೊಗೆಯ ಬಣ್ಣ, ಬೂಷ್ಟಿನ ಚುಕ್ಕೆ, ಒರಲೆ ತಿಂದ ಅಂಚು. ಬೂಷ್ಟಿನ ವಾಸನೆಯಂತೂ ಪೋಟೊದಲ್ಲಿ ಬರುವುದಿಲ್ಲ, ಬಾಯಿಬಿಟ್ಟು ಕೇಳಬೇಕು.

ನಮ್ಮ ಮನೆಗಳಲ್ಲಿ ಹತ್ತು ಹನ್ನೆರಡು ಕಾಮಿಕ್ಸ್ ಸೇರಿಸಿ ಬೈಂಡ್ ಮಾಡಿಸುವ ರೂಢಿಯಿತ್ತು. ಆಮೇಲೆ ಬಿಚ್ಚಿ ಬಿಡಿಬಿಡಿಯಾಗಿ ಮಾರುತ್ತಾರೆ. ಬೆನ್ನಿನಿಂದ ಅರ್ಧ ಇಂಚು ಒಳಗೆ ಸಾಲಾಗಿ ಸೂಜಿಯ ತೂತು ಕಂಡರೆ, ಮೂರೂ ಅಂಚು ಅತಿ ನೇರವಾಗಿ ಕತ್ತರಿಸಿದಂತಿದ್ದರೆ ಅದು ಬೈಂಡಿನಿಂದ ಬಿಚ್ಚಿದ ಪ್ರತಿ. ಓದಲು ಅಡ್ಡಿಯಿಲ್ಲ, ಬೆಲೆ ಮಾತ್ರ ಅರ್ಧಕ್ಕಿಂತ ಹೆಚ್ಚು ಕೊಡಬೇಡಿ.

ಅಮರ ಚಿತ್ರಕಥೆಯಲ್ಲಿ ಮರುಮುದ್ರಣವೇ ದೊಡ್ಡ ಗೊಂದಲ. ಇದರ ಮೊದಲ ಹತ್ತು ಸಂಖ್ಯೆಗಳು ಪಾಶ್ಚಾತ್ಯ ಕಥೆಗಳಾಗಿ ಕನ್ನಡದಲ್ಲೇ ಬಂದಿದ್ದವು. ಭಾರತೀಯ ಕಥೆ ಶುರುವಾಗುವುದು 11ನೆಯ 'ಕೃಷ್ಣ'ದಿಂದ. ಆದ್ದರಿಂದ 'ಮೊದಲ ಮುದ್ರಣ' ಎಂಬ ಮಾತು ಕೇಳಿದ ಕೂಡಲೇ ರಕ್ಷಾಪುಟದಲ್ಲಿರುವ ಪುಸ್ತಕಗಳ ಪಟ್ಟಿ ನೋಡಿ. ಕೈಯಲ್ಲಿರುವುದು 30ನೆಯ ಸಂಖ್ಯೆ, ಪಟ್ಟಿ 150ರವರೆಗೆ ಹೋಗಿದ್ದರೆ ಅದು 150 ಬಂದ ಮೇಲೆ ಅಚ್ಚಾದದ್ದು. ಲೈವ್‌ನಲ್ಲಿ ಈ ಪಟ್ಟಿಯನ್ನು ಯಾರೂ ತೋರಿಸುವುದಿಲ್ಲ.

ಮಾರುವವರಿಗೆ

ಹರಾಜಿಗೆ ಕನಿಷ್ಠ ಇಬ್ಬರಿಗಾದರೂ ಪುಸ್ತಕ ಬೇಕಿರಬೇಕು. 1964ರಿಂದ 1990ರವರೆಗೆ ಬಂದ ಇಂದ್ರಜಾಲದ ಇಂಗ್ಲಿಷ್ ಸಂಚಿಕೆಗೆ ದೇಶವಿಡೀ ಗಿರಾಕಿಗಳು. ಕನ್ನಡ ಸಂಚಿಕೆಗೆ ಬೆರಳೆಣಿಕೆಯ ಜನ, ಆದರೆ ಅವರು ಬಿಡುವವರಲ್ಲ. ಅಂಥದ್ದನ್ನು 1 ರೂಪಾಯಿಂದ ಶುರುಮಾಡಿ ಬಿಟ್ಟರೆ ಆ ವಾರ ಒಬ್ಬರೇ ನೋಡಿದರೆ 1 ರೂಪಾಯಿಗೇ ಹೋಗುತ್ತದೆ. ತೀರ್ಥಹಳ್ಳಿಯ ಹಳೆಮನೆ ಖಾಲಿ ಮಾಡುವಾಗ ಸಿಕ್ಕ ಕಟ್ಟನ್ನು ಎರಡು ಪಾಲು ಮಾಡಿ. ಅಪರೂಪದವನ್ನು ಕನ್ನಡ ಗುಂಪಿನಲ್ಲಿ ಟೆಂಡರಿಗೆ, ಇಲ್ಲವೇ ನಿಮಗೆ ಗಿಟ್ಟುವ ಆರಂಭ ಬೆಲೆಯಿಟ್ಟು ವಿಸ್ತರಣೆಯ ಹರಾಜಿಗೆ. 1948ರಿಂದ ಕನ್ನಡದಲ್ಲಿ ಬಂದ ಚಂದಮಾಮದ ಬಿಡಿ ಸಂಚಿಕೆಗಳನ್ನು ವರ್ಷದ ಕಂತೆಯಾಗಿ ಕಟ್ಟಿ. ಸಂಚಿಕೆ ಒಂದೊಂದಕ್ಕೂ ಅಂಚೆ ಹಾಕಿ ಕೊಳ್ಳುವವರು ಈಗ ಕಡಿಮೆ.

ಅದಕ್ಕೆ ಕಾರಣವೂ ಇದೆ. 2025ರ ಸೆಪ್ಟೆಂಬರ್ 1ರಿಂದ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಯಿತು. ಹಿಂದಿನಂತೆ ರಿಜಿಸ್ಟರ್ ಮಾಡಿಸಿ ಕಳಿಸುತ್ತೇನೆ ಎಂದು ಹಳೆಯ ದರದ ಲೆಕ್ಕದಲ್ಲಿ ಅಂಚೆ ವೆಚ್ಚ ಬರೆದವರು ಕೈಯಿಂದ ಹಾಕಬೇಕಾಗುತ್ತದೆ. ಅದೇ ವರ್ಷ ಮೇ 1ರಿಂದ ಬಂದ ಜ್ಞಾನ ಪೋಸ್ಟ್‌ನಲ್ಲಿ 300 ಗ್ರಾಂನಿಂದ 5 ಕಿಲೊವರೆಗಿನ ಪುಸ್ತಕ 20ರಿಂದ 100 ರೂಪಾಯಿಗೆ ಹೋಗುತ್ತದೆ, ತೆರಿಗೆ ಬೇರೆ. ಆದರೆ ಜಾಹೀರಾತು ಇರುವ ಪ್ರಕಟಣೆಗಳಿಗೆ ಅದು ಅನ್ವಯಿಸುವುದಿಲ್ಲ. ಹಿಂಪುಟದಲ್ಲಿ ಬಿಸ್ಕತ್ತಿನ ಜಾಹೀರಾತು ಇರುವ ಕಾಮಿಕ್ಸ್ ಕಟ್ಟನ್ನು ಕೌಂಟರಿನಲ್ಲಿ ವಾಪಸು ಕೊಟ್ಟರೆ ಸಿಟ್ಟಾಗಬೇಡಿ.

ಕಟ್ಟುವುದು ಹೀಗೆ: ಪುಸ್ತಕ ಪ್ಲಾಸ್ಟಿಕ್ ಕವರಿನೊಳಗೆ, ಕವರಿನ ಬಾಯಿಯ ಟೇಪು ಪುಸ್ತಕಕ್ಕೆ ತಾಗದಂತೆ. ಎರಡೂ ಬದಿಗೆ ಪುಸ್ತಕಕ್ಕಿಂತ ಸುತ್ತಲೂ ಒಂದು ಇಂಚು ದೊಡ್ಡದಾದ ರಟ್ಟು, ಒಂದರ ಏಣು (ರಟ್ಟಿನೊಳಗಿನ ಅಲೆಯ ಗೆರೆ) ಅಡ್ಡ, ಇನ್ನೊಂದರದು ಉದ್ದ. ಏಣುಗಳು ಒಂದೇ ದಿಕ್ಕಿಗಿದ್ದರೆ ಕಟ್ಟು ಆ ಗೆರೆಯಲ್ಲೇ ಮಡಚಿಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಟ್ಟಿನ ಹೊರಗೆ ಇನ್ನೊಂದು ಪ್ಲಾಸ್ಟಿಕ್ ಪದರ ಬೇಕೇಬೇಕು, ಏಕೆಂದರೆ ಒದ್ದೆಯಾದ ರಟ್ಟು ನೀರನ್ನು ಹೀರಿ ಪುಸ್ತಕದ ಪಕ್ಕದಲ್ಲೇ ಇಟ್ಟುಕೊಂಡಿರುತ್ತದೆ. ಕಟ್ಟುವ ಮುಂಚೆ ಪುಸ್ತಕ ಗರಿಗರಿ ಇರಲಿ. ಮಳೆಗಾಲದಲ್ಲಿ ತಂಪು ಹಿಡಿದ ಪುಸ್ತಕವನ್ನು ಹಾಗೇ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ಕಳಿಸಿದರೆ ಕೊಂಡವರು ಬಿಚ್ಚುವಷ್ಟರಲ್ಲಿ ಬೂಷ್ಟು ಬಂದಿರುತ್ತದೆ. ಬಿಸಿಲಿಗೆ ಹಾಕಬೇಡಿ, ಬಣ್ಣ ಹೋಗುತ್ತದೆ. ನೆರಳಿನಲ್ಲಿ ಫ್ಯಾನಿನ ಕೆಳಗೆ ಒಂದೆರಡು ದಿನ ಪುಟ ಅಗಲಿಸಿಟ್ಟು ಆಮೇಲೆ ಕಟ್ಟಿ.